ಮೊದಲೇ ಬರೆದ ಬುಧವಾರ

ಬಸ್ಸು ಬಂದಿರಲೇ ಇಲ್ಲ ಎಂದು ಬರೆಯಲು ಹೊರಟವನು ನಿಲ್ಲಿಸಿದ್ದೇನೆ. ಬಸ್ಸು ಬಂದಿತ್ತು ಅನ್ನಿಸುತ್ತದೆ. ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಗುಡೇಕೋಟೆ ಬಸ್ಸಿನ ಬಾಗಿಲ ಕಂಬಿ ಹಿಡಿದು ಮತ್ತೆ ಕೈ ಬಿಟ್ಟೆ ಎಂಬ ನೆನಪು ನನ್ನ ಬಲಗೈಯಲ್ಲಿ ಈಗಲೂ ಇದೆ. ಆದರೆ ಅದೇ ಹೊತ್ತಿಗೆ ಬಾಷಾಸಾಬರ ಸೈಕಲ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಪಂಕ್ಚರ್ ಹಾಕಿಸುತ್ತಿದ್ದೆ ಎಂಬ ಇನ್ನೊಂದು ನೆನಪೂ ಇದೆ. ಎರಡೂ ಒಂದೇ ಬುಧವಾರದ ಹನ್ನೊಂದು ಗಂಟೆ. ನನ್ನ ಹೆಂಡತಿ ಎಸ್ತೇರಮ್ಮನನ್ನು ಕೇಳಿದರೆ ಮೂರನೆಯದೊಂದು ಹೇಳುತ್ತಾಳೆ: ನಾನು ಅವತ್ತು ಮನೆ ಬಿಟ್ಟು ಹೊರಡಲೇ ಇಲ್ಲವಂತೆ, ಕಟ್ಟೆಯ ಮೇಲೆ ಕೂತು ಚಪ್ಪಲಿ ಒರೆಸುತ್ತಲೇ ಇದ್ದೆನಂತೆ.

ಮೂರರಲ್ಲಿ ಯಾವುದು ನಡೆಯಿತೋ, ನಾನು ಗುಡೇಕೋಟೆಗೆ ಹೋಗಲಿಲ್ಲ. ಅದೊಂದು ನಿಜ.

ನಮ್ಮ ಕ್ರೈಸ್ತ ಸಭೆಯಲ್ಲಿ ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗರು ಈಚೆಗೆ ಮನೆಗೆ ಬಂದಿದ್ದರು. ನಿಮ್ಮ ಅನುಭವ ಬರೆದುಕೊಡಿ, ದೇವರ ಚಿತ್ತವನ್ನು ತಿಳಿಯುವುದು ಹೇಗೆ ಎಂಬುದನ್ನು ಮುಖ್ಯವಾಗಿ ಬರೆಯಿರಿ ಎಂದರು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ಗೊತ್ತಿರಲೇಬೇಕು ಎಂಬ ನಂಬಿಕೆ ಅವರ ಮುಖದಲ್ಲಿತ್ತು. ಅವರಿಗೆ ಚಹಾ ಕೊಟ್ಟು ಕಳಿಸಿದೆ. ಆಮೇಲೆ ಕಾಗದ ತೆಗೆದು ಕೂತೆ. ಪರೀಕ್ಷೆಯ ಕೋಣೆಯಲ್ಲಿ ಓದದ ಪ್ರಶ್ನೆ ಬಂದವನ ಸ್ಥಿತಿ ನನ್ನದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಷ್ಟೂ ನಮ್ಮ ಸರ್ಕೀಟು, ಅಂದರೆ ನಾವು ಸುತ್ತಬೇಕಾದ ಸೀಮೆ. ಊರಿಗೆ ಐದು ಮನೆ, ಕೆಲವೆಡೆ ಎರಡೇ ಮನೆ ಸಭೆಯವರು. ಉಪದೇಶಿಗಳು ನಾವು ನಾಲ್ವರು. ಕೆಲಸ ಏನೆಂದರೆ ಸೈಕಲ್ ಮೇಲೋ ಬಸ್ಸಿನಲ್ಲೋ ಹೋಗುವುದು, ಅಂಗಳದಲ್ಲಿ ಚಾಪೆ ಹಾಸಿ ಹಾಡುವುದು, ವಾಕ್ಯ ಓದುವುದು, ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು. ಇವೆಲ್ಲ ಬರುತ್ತವೆ, ಕಲಿಯಬಹುದು. ಕಷ್ಟ ಇರುವುದು ಚಾಪೆ ಸುತ್ತಿದ ಮೇಲೆ. ಒಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ: ಹೊಲ ಲಾವಣಿ ಗುತ್ತಿಗೆಗೆ ಹಾಕಲೋ ಬೇಡವೋ, ಮಗಳನ್ನು ಅಲ್ಲಿ ಕೊಡಲೋ ಇಲ್ಲಿ ಕೊಡಲೋ, ದೇವರ ಚಿತ್ತ ಏನೈತಿ ನೋಡಿ ಹೇಳ್ರಿ. ನಾವೇನೋ ಒಳಕೋಣೆಗೆ ಹೋಗಿ ದೇವರನ್ನು ಕಂಡು ಬರುವವರು ಎನ್ನುವಂತೆ.

ಹರಪನಹಳ್ಳಿಯಲ್ಲಿ ಒಬ್ಬ ಟೇಲರ್ ಇದ್ದ. ಅಂಗಡಿಯನ್ನು ದಾವಣಗೆರೆಗೆ ಒಯ್ಯಬೇಕೋ ಬೇಡವೋ ಎಂದು ತಿಳಿಯಲು ಕಣ್ಣು ಮುಚ್ಚಿ ವೇದಪುಸ್ತಕ ತೆರೆದು ಬೆರಳಿಟ್ಟಿದ್ದ. ಬೆರಳ ಕೆಳಗೆ ಬಂದದ್ದು ಯಾವುದೋ ಮನೆತನದ ಹೆಸರುಗಳ ಪಟ್ಟಿ. ಅದರ ಅರ್ಥ ಹೇಳಿ ಎಂದು ನನ್ನ ಹತ್ತಿರ ತಂದ. ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗೊತ್ತಿಲ್ಲ ಎನ್ನಲು ನಾಚಿಕೆ. ಇಷ್ಟೊಂದು ಹೆಸರು ಬಂದಿವೆ ಎಂದರೆ ಜನ ಹೆಚ್ಚಿರುವ ಕಡೆಗೆ ಹೋಗು ಎಂದೇ ಅರ್ಥ ಎಂದೆ. ಅವನು ಹೋದ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲಿಗೆ ಮಷೀನು ಸಮೇತ ವಾಪಸ್ ಬಂದ. ಸಿಟ್ಟಿರಲಿಲ್ಲ. "ಜನ ಇದ್ರು ಅಯ್ನೋರೆ, ನೀವು ಹೇಳಿದ್ದು ಖರೇನೆ. ಬಟ್ಟಿ ಹೊಲಿಸೋರು ಇರಲಿಲ್ಲ ಅಷ್ಟ" ಎಂದ. ಇದನ್ನು ನಗಿಸುವ ಕಥೆಯಾಗಿ ಎಷ್ಟು ಸಲ ಹೇಳಿದ್ದೇನೆಂದರೆ ಅವನ ಮುಖ ಈಗ ಮರೆತೇಹೋಗಿದೆ. ಹೇಳಿ ಹೇಳಿ ನುಣುಪಾದ ನೆನಪುಗಳ ಮೇಲೆ ನನಗೆ ನಂಬಿಕೆ ಇಲ್ಲ. ಮುಂದೆ ಬರೆಯುವುದು ನುಣುಪಾಗಿಲ್ಲ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೊದಲು ದಿನಚರಿ ಹಾಳೆಯ ಸಂಗತಿ ಹೇಳಬೇಕು, ಏಕೆಂದರೆ ತಪ್ಪು ನಡೆದದ್ದು ಅಲ್ಲಿ.

ನಮ್ಮ ಮೇಲೆ ಒಬ್ಬ ಸೂಪರಿಂಟೆಂಡೆಂಟರಿದ್ದರು. ಹಳೇ ಮೈಸೂರಿನ ಕಡೆಯವರು, ಎತ್ತರದ ಆಳು. ಸಭೆಯವರೆಲ್ಲ ದೊಡ್ಡಯ್ಯನವರು ಎನ್ನುತ್ತಿದ್ದರು. ಪ್ರತಿ ಉಪದೇಶಿಯೂ ತಿಂಗಳಿಗೊಂದು ದಿನಚರಿ ಹಾಳೆ ತುಂಬಿ ಬಳ್ಳಾರಿಗೆ ಅವರಿಗೆ ಕಳಿಸಬೇಕು. ಅದರಲ್ಲಿ ನಾಲ್ಕು ಕಾಲಂ. ತಾರೀಕು, ಊರು, ಮಾಡಿದ ಕೆಲಸ, ನಡೆಸುವಿಕೆ. ಈ ನಾಲ್ಕನೆಯದು ದೊಡ್ಡಯ್ಯನವರೇ ಸೇರಿಸಿದ್ದು. ಆ ದಿನ ದೇವರು ನಿಮ್ಮನ್ನು ಹೇಗೆ ನಡೆಸಿದರು, ಏನು ತೋರಿಸಿದರು ಎಂಬುದನ್ನು ಅಲ್ಲಿ ಬರೆಯಬೇಕು. ನಾನು ಸೇರಿದ ಮೊದಲ ತಿಂಗಳು ಹನ್ನೊಂದು ದಿನ ಆ ಕಾಲಂ ಖಾಲಿ ಬಿಟ್ಟಿದ್ದೆ. ಹಾಳೆ ವಾಪಸ್ ಬಂತು. ಹನ್ನೊಂದೂ ಜಾಗದಲ್ಲಿ ಕೆಂಪು ಪೆನ್ಸಿಲಿನ ಗೀಟು, ಕೆಳಗೆ ಒಂದೇ ಸಾಲು: ದೇವರು ಯಾರಿಗೂ ಖಾಲಿ ದಿನ ಕೊಡುವುದಿಲ್ಲ.

ಅಂದಿನಿಂದ ನನಗೆ ಒಂದು ದಿನವೂ ಖಾಲಿ ಹೋಗಲಿಲ್ಲ.

ಹಾಳೆ ತಿಂಗಳ ಕೊನೆಯ ದಿನ ಬಳ್ಳಾರಿಯಲ್ಲಿರಬೇಕು. ಟಪಾಲನ್ನು ನಂಬುವಂತಿರಲಿಲ್ಲ. ಆ ಕಡೆ ಹೋಗುವವರು ಸಿಕ್ಕರೆ ಅವರ ಕೈಯಲ್ಲಿ ಕಳಿಸುತ್ತಿದ್ದೆವು. ಹಾಗಾಗಿ ಕೊನೆಯ ಎರಡು ಮೂರು ದಿನಗಳನ್ನು ಮುಂಚೆಯೇ ಬರೆಯುವುದು ರೂಢಿಯಾಯಿತು. ಇಂಥ ದಿನ ಇಂಥ ಊರಿಗೆ ಹೋಗುವುದಿದೆ, ಹೋದರೆ ಪ್ರಾರ್ಥನೆ ಮಾಡುವುದು ಇದ್ದೇ ಇದೆ, ಅದನ್ನು ಬರೆದರೆ ಸುಳ್ಳೇನು? ಆದರೆ ನಾಲ್ಕನೆಯ ಕಾಲಮನ್ನೂ ಬರೆಯಬೇಕಲ್ಲ. ನಾಳೆ ದೇವರು ಏನು ತೋರಿಸುತ್ತಾರೆಂದು ಇವತ್ತು ಬರೆಯಬೇಕು. ಹರಪನಹಳ್ಳಿಯ ಉಪದೇಶಿ ಚಿನ್ನಪ್ಪ ಇದಕ್ಕೆ ನಗುತ್ತಿದ್ದ. "ಕರ್ತನಿಗೆ ನಾಳಿದ್ದು ಇವತ್ತ ಗೊತ್ತಿರ್ತೈತಿ. ನಾವು ಬರದ್ರ ಏನ್ ತಪ್ಪೋ ಮಾರಾಯ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಬರೆಯುವಾಗ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಇನ್ನೊಂದು ಸಂಗತಿ. ದೊಡ್ಡಯ್ಯನವರು ವರ್ಷಕ್ಕೊಮ್ಮೆ ಹಳ್ಳಿಗಳಿಗೆ ಬಂದಾಗ ಹಾಳೆಗಳ ಕಟ್ಟನ್ನೂ ಜೀಪಿನಲ್ಲಿ ತರುತ್ತಿದ್ದರು. ಕೂಟ ಮುಗಿದ ಮೇಲೆ ಆ ಊರಿಗೆ ಸಂಬಂಧಿಸಿದ ಸಾಲುಗಳನ್ನು ಗಟ್ಟಿಯಾಗಿ ಓದಿ, ಸಭೆಯವರನ್ನು ನಡೆಯಿತೇ ಎಂದು ಕೇಳುತ್ತಿದ್ದರು. ಜನ ಯಾವಾಗಲೂ ನಡೀತ್ರಿ ಎನ್ನುತ್ತಿದ್ದರು. ಯಾವ ತಿಂಗಳ ಯಾವ ಮಂಗಳವಾರ ಉಪದೇಶಿ ಬಂದಿದ್ದ ಎಂಬುದು ಯಾರಿಗೆ ನೆನಪಿರುತ್ತದೆ?

ಈ ಒಂದು ದಿನ ನೆನಪಿತ್ತು.

ಎಪ್ಪತ್ತರ ದಶಕದ ಕೊನೆ ಇರಬೇಕು. ಗುಡೇಕೋಟೆಯಲ್ಲಿ ದೇವದಾನಪ್ಪ ಎಂಬವರು ಶಾಲೆಯ ಜವಾನರಾಗಿದ್ದರು. ಹೆಂಡತಿ ಶಾಂತಮ್ಮ. ಮಗಳು ಜೀವರತ್ನ, ಹತ್ತೊಂಬತ್ತರ ಹುಡುಗಿ, ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವಳು. ಒಂದು ಶನಿವಾರ ನಾನು ಹೋದಾಗ ಅವರ ಮನೆಯಲ್ಲಿ ಎರಡು ಸುದ್ದಿಗಳು ಒಟ್ಟಿಗೆ ಬಂದು ಕೂತಿದ್ದವು. ಒಂದು, ದೂರದ ಊರಿನ ಮಿಷನ್ ಆಸ್ಪತ್ರೆಯಿಂದ ಬಂದ ಕಾಗದ: ನರ್ಸ್ ತರಬೇತಿಗೆ ಆರಿಸಿದ್ದೇವೆ, ಬರುವ ಶುಕ್ರವಾರ ಬಂದು ಸೇರಬೇಕು, ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಇನ್ನೊಂದು, ಹಡಗಲಿಯಿಂದ ಬಂದ ಸಂಬಂಧ. ಹುಡುಗ ಪ್ರಭಾಕರ, ಸರ್ಕಾರಿ ಪ್ರಾಥಮಿಕ ಶಾಲೆಯ ಮಾಸ್ತರ. ಅವನ ಮನೆಯವರು ಗುರುವಾರ ಬರುವವರಿದ್ದರು, ಮಾತು ಕೊಡಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದಿದ್ದರು.

ದೇವದಾನಪ್ಪ ಎರಡನ್ನೂ ನನ್ನ ಮುಂದಿಟ್ಟರು. ನಮಗ ತಿಳಿಯೂದಿಲ್ಲ, ನೀವು ಪ್ರಾರ್ಥನಿ ಮಾಡಿ ಕೇಳಿ ಹೇಳ್ರಿ, ನೀವು ಹೂಂ ಅಂದದ್ದು ಹೂಂ ಎಂದರು. ನಾನು ಬುಧವಾರ ಹನ್ನೊಂದರ ಬಸ್ಸಿಗೆ ಉತ್ತರ ತರುತ್ತೇನೆ ಎಂದೆ. ಜೀವರತ್ನ ಚಹಾದ ಲೋಟ ಇಟ್ಟು ಬಾಗಿಲ ಹತ್ತಿರ ನಿಂತಿದ್ದಳು.

"ಬುಧವಾರ ಖರೇನ ಬರ್ತೀರೇನ್ರಿ?" ಎಂದು ಕೇಳಿದಳು.

ಬರುತ್ತೇನಮ್ಮ ಎಂದೆ. ಅವಳು ಅವತ್ತು ಬಾಯಿ ಬಿಟ್ಟದ್ದು ಅಷ್ಟೇ. ನಿನಗೇನು ಬೇಕು ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ತೋಚಲೂ ಇಲ್ಲ. ಆಗಿನ ನನ್ನ ತಿಳುವಳಿಕೆಯಲ್ಲಿ ದೇವರ ಚಿತ್ತ ಎಂದರೆ ಮನುಷ್ಯರ ಮನಸ್ಸಿನಲ್ಲಿ ಇರುವುದಕ್ಕಿಂತ ಬೇರೆಯದು. ಹುಡುಗಿಯನ್ನು ಕೇಳಿದರೆ ಉತ್ತರ ಕಲಸಿಹೋಗುತ್ತದೆ ಎಂಬ ಭಾವನೆ.

ಪ್ರಾರ್ಥನೆ ಮಾಡಿದೆನೇ? ಮಾಡಿದೆ. ಭಾನುವಾರ ಮಾಡಿದೆ, ಸೋಮವಾರ ಬೆಳಿಗ್ಗೆ ಉಪವಾಸವಿದ್ದು ಮಾಡಿದೆ. ಏನೂ ಕೇಳಿಸಲಿಲ್ಲ. ಅದರ ಮೇಲೆ ತಿಂಗಳ ಕೊನೆಯ ವಾರ. ಮಂಗಳವಾರ ಬೆಳಿಗ್ಗೆ ಕೂಡ್ಲಿಗಿಯ ಪರಿಚಯದ ಕಂಪೌಂಡರೊಬ್ಬರು ಬಳ್ಳಾರಿಗೆ ಹೊರಟಿದ್ದರು, ಹಾಳೆಯನ್ನು ಅವರ ಕೈಗೆ ಕೊಡಬೇಕು. ಸೋಮವಾರ ಮಧ್ಯಾಹ್ನ ಬರೆಯಲು ಕೂತೆ. ಬುಧವಾರದ ಸಾಲು ಬಂತು. ತಾರೀಕು ಹಾಕಿದೆ. ಊರು, ಗುಡೇಕೋಟೆ. ಕೆಲಸ, ದೇವದಾನಪ್ಪನವರ ಮನೆಯಲ್ಲಿ ಭೇಟಿ ಮತ್ತು ಪ್ರಾರ್ಥನೆ. ನಾಲ್ಕನೆಯ ಕಾಲಂ ಮುಂದೆ ಪೆನ್ನು ಎಷ್ಟು ಹೊತ್ತು ನಿಂತಿತು ಎಂದು ಹೇಳಲಾರೆ. ಬಹಳ ಹೊತ್ತು ನಿಂತಿತು ಎಂದರೆ ಈಗ ನನ್ನನ್ನು ಒಳ್ಳೆಯವನಾಗಿ ತೋರಿಸಿದಂತೆ ಆಗುತ್ತದೆ. ನಿಂತೇ ಇರಲಿಲ್ಲವೇನೋ. ಬರೆದದ್ದು ಇದು: ಜೀವರತ್ನಳು ತರಬೇತಿಗೆ ಹೋಗಬೇಕೆಂದು ಕರ್ತನು ಸ್ಪಷ್ಟವಾಗಿ ತೋರಿಸಿದನು.

ಬರೆದು ಮುಗಿದ ಕೂಡಲೇ ಒಂದು ನಿರಾಳ ಆಯಿತು. ಇದು ಖಂಡಿತ ನೆನಪಿದೆ. ಆ ನಿರಾಳ ಉತ್ತರ ಸಿಕ್ಕವನದೋ, ಅಥವಾ ಹಾಳೆಯ ಕೊನೆಯ ಸಾಲು ಮುಗಿಸಿದವನದೋ ಎಂಬುದೇ ನನಗೆ ತಿಳಿಯದ್ದು.

ಮಂಗಳವಾರ ಹಾಳೆ ಹೋಯಿತು. ಬುಧವಾರ ಬೆಳಿಗ್ಗೆ ಎದ್ದಾಗ ನಿರಾಳ ಇರಲಿಲ್ಲ. ಅವಳು ನನ್ನ ಒಂದು ಸಾಲಿನ ಮೇಲೆ ಅಷ್ಟು ದೂರ ಹೋಗಿ, ಅಲ್ಲಿ ಏನಾದರೂ ಆದರೆ? ಹೋಗಬೇಡ ಎಂದರೆ ಹಾಳೆಯಲ್ಲಿ ಹೋಗು ಎಂದಿದೆ. ಹೋಗು ಎಂದರೆ ಅದು ದೇವರ ಮಾತೆಂದು ಆಣೆ ಮಾಡಿ ಹೇಳುವ ಧೈರ್ಯ ಇಲ್ಲ. ಆ ಬೆಳಗಿನ ಹೆದರಿಕೆಯಲ್ಲಿ ನನಗೆ ಅನುಮಾನವಿಲ್ಲ. ಹನ್ನೊಂದು ಗಂಟೆಗೆ ಏನಾಯಿತು ಎಂಬುದರ ಮೂರು ನೆನಪುಗಳನ್ನು ಮೊದಲೇ ಬರೆದಿದ್ದೇನೆ. ನೀವು ಬೇಕಾದದ್ದನ್ನು ಆರಿಸಿಕೊಳ್ಳಿ.

ಗುಡೇಕೋಟೆಯಲ್ಲಿ ಏನಾಯಿತು ಎಂಬುದು ಆ ಭಾನುವಾರ ತಿಳಿಯಿತು. ಉತ್ತರ ಹೋಗು ಎಂದಿದ್ದರೆ ಅದೇ ಬಸ್ಸಿಗೆ ನನ್ನ ಜೊತೆ ಹೊರಡಬೇಕೆಂದು ಜೀವರತ್ನ ಟ್ರಂಕು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳಂತೆ. ಬಸ್ಸು ಬಂತು, ಜನ ಇಳಿದರು, ನಾನು ಇಳಿಯಲಿಲ್ಲ. ಬಸ್ಸು ತಿರುಗಿಕೊಂಡು ಹೋಯಿತು. ದೇವದಾನಪ್ಪ ಸ್ವಲ್ಪ ಹೊತ್ತು ರಸ್ತೆ ನೋಡಿ, ಕರ್ತನು ಉಪದೇಶಿಗಳನ್ನ ತಡದಾನ, ಇದ ಉತ್ತರ ಎಂದರಂತೆ. ಮಾರನೆಯ ದಿನ ಹಡಗಲಿಯವರು ಬಂದರು. ಮಾತು ಕೊಟ್ಟಾಯಿತು.

ನಾನು ಕ್ಷಮೆ ಕೇಳಲು ಹೋಗಿದ್ದೆ. ಅವರು ನನಗೇ ಕೃತಜ್ಞತೆ ಹೇಳಿದರು. ಶಾಂತಮ್ಮ ಹೋಳಿಗೆ ಬಡಿಸಿದರು. ನಿಮ್ಮನ್ನ ತಡದದ್ದು ಹ್ಯಾಂಗ್ರಿ, ಜ್ವರ ಬಂದಿದ್ದುವೇನು ಎಂದು ಕೇಳಿದರು. ನಾನು ತುತ್ತು ಕೈಯಲ್ಲಿ ಹಿಡಿದು ಹೌದು ಎಂದೆ. ಬರೆದ ಸಾಲಿಗಿಂತ ಈ ಹೌದು ನನ್ನನ್ನು ಹೆಚ್ಚು ಕಾಡಿದೆ. ಸಾಲನ್ನು ಬರೆಯುವಾಗ ಒಳ್ಳೆಯದಾಗಲಿ ಎಂಬ ಆಸೆಯಾದರೂ ಇತ್ತು.

ಮದುವೆ ಹಡಗಲಿಯಲ್ಲಿ ಆಯಿತು. ನಾನೇ ಪ್ರಾರ್ಥನೆ ಮಾಡಿದೆ. ಆ ಬೇಸಗೆ ಕೊಟ್ಟೂರಿನಲ್ಲಿ ಸರ್ಕೀಟಿನ ಕೂಟ ನಡೆದಾಗ ದೇವದಾನಪ್ಪ ಎದ್ದು, ದೇವರು ತಮ್ಮ ಮನೆಗೆ ಮಾಡಿದ್ದರ ಸಾಕ್ಷಿ ಹೇಳಿದರು. ದೇವರು ಬಾಯಿಂದಲೇ ಮಾತಾಡಬೇಕೆಂದಿಲ್ಲ, ಒಂದು ಬಸ್ಸನ್ನು ಖಾಲಿ ಕಳಿಸಿಯೂ ಮಾತಾಡುತ್ತಾನೆ ಎಂದರು. ಜನ ಸ್ತೋತ್ರ ಸ್ತೋತ್ರ ಎಂದರು. ಚಿನ್ನಪ್ಪ ನನ್ನ ಪಕ್ಕ ಕೂತಿದ್ದ, ಪಕ್ಕೆಗೆ ತಿವಿದು, "ನೀ ಮನ್ಯಾಗ ಕೂತ್ರೂ ದೇವರ ಕೆಲಸ ಆಗ್ತೈತಲ್ಲೋ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಆ ಸಾಕ್ಷಿ ನಮ್ಮ ಕಡೆ ಹಬ್ಬಿತು. ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಗುರುತಿಲ್ಲದ ಹೆಂಗಸೊಬ್ಬರು ಅದನ್ನು ನನಗೇ ಹೇಳಿದರು, ಆ ಉಪದೇಶಿಗೆ ಮಾರ್ಗದಲ್ಲಿ ಹಳ್ಳ ಬಂದಿತ್ತು ಎಂಬ ಹೊಸ ವಿವರ ಸೇರಿಸಿ. ನಾನು ಅದನ್ನು ಕೇಳುತ್ತಾ, ನಿಜವಾಗಿ ಹಳ್ಳ ಬಂದಿತ್ತೇ ಎಂದು ಒಂದು ಕ್ಷಣ ಯೋಚಿಸಿದೆ.

ಸಾಕ್ಷಿ ಹೇಳಿದವರು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಬಸ್ಸು ನಾನಿಲ್ಲದೆ ಬಂದದ್ದು ನಿಜ.

ಆಮೇಲಿನ ಚಳಿಗಾಲ ದೊಡ್ಡಯ್ಯನವರು ಗುಡೇಕೋಟೆಗೆ ಬಂದರು. ಎಸ್ತೇರಮ್ಮನೂ ಜೊತೆಗಿದ್ದಳು. ಜೀವರತ್ನ ತವರಿಗೆ ಬಂದಿದ್ದಳು, ಗಂಡ ಪ್ರಭಾಕರನೂ ಬಂದಿದ್ದ. ದೇವದಾನಪ್ಪನವರ ಅಂಗಳದಲ್ಲೇ ಕೂಟ. ಹಾಡು, ವಾಕ್ಯ ಎಲ್ಲ ಆಗಿ ಅವರು ಹಾಳೆಗಳ ಕಟ್ಟು ಬಿಚ್ಚಿದಾಗ ನನಗೆ ನೆತ್ತಿಯ ಮೇಲೆ ಬಿಸಿಲು ಇಳಿದಂತಾಯಿತು. ಒಂದೊಂದೇ ಸಾಲು ಓದಿದರು. ನಡೆಯಿತೇ? ನಡೀತ್ರಿ. ನಡೆಯಿತೇ? ನಡೀತ್ರಿ. ಆ ಬುಧವಾರದ ಸಾಲು ಬಂತು. ನಾಲ್ಕನೆಯ ಕಾಲಂ ಸಮೇತ ಓದಿದರು. ಯಾರೂ ನಡೀತ್ರಿ ಎನ್ನಲಿಲ್ಲ.

ಅವರು ಕನ್ನಡಕದ ಮೇಲಿಂದ ನೋಡಿದರು. ಜೀವರತ್ನ ಯಾರು ಎಂದು ಕೇಳಿದರು. ಅವಳು ಎದ್ದು ನಿಂತಳು. ಕೊರಳಲ್ಲಿ ತಾಳಿ ಇತ್ತು.

"ಏನಮ್ಮ, ಕರ್ತನು ಹೋಗು ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಹೋಗಲಿಲ್ಲವೇ? ದೇವರ ಮಾತು ಮೀರಿ ಮದುವೆ ಮಾಡಿಕೊಂಡೆಯಾ?"

ಆಗ ನಾನು ಎದ್ದು ತಪ್ಪು ನನ್ನದು ಎಂದೆ ಎಂದು ಬಹಳ ವರ್ಷ ನಂಬಿದ್ದೆ. ಹಾಗೆಯೇ ಒಂದೆರಡು ಕಡೆ ಹೇಳಿಯೂ ಇದ್ದೇನೆ. ಎಸ್ತೇರಮ್ಮ ಒಪ್ಪುವುದಿಲ್ಲ. ನೀವು ಚಾಪಿ ಕಡ್ಡಿ ಕೀಳ್ಕೊಂತ ಕೂತಿದ್ರಿ, ಮೊದ್ಲ ಮಾತಾಡಿದಾಕಿ ಆ ಹುಡುಗಿ ಎನ್ನುತ್ತಾಳೆ. ಈ ಒಂದು ವಿಷಯದಲ್ಲಿ ಅವಳ ಮಾತೇ ಸರಿ ಇರಬೇಕು. ಏಕೆಂದರೆ ಜೀವರತ್ನ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ, ತಪ್ಪು ನನ್ನದು ಎಂದ ನನ್ನ ಮಾತು ಒಂದೂ ನೆನಪಿಲ್ಲ.

"ಅವತ್ತು ಇವ್ರು ಬರಲೇ ಇಲ್ರಿ."

ದೊಡ್ಡಯ್ಯನವರು ನನ್ನ ಕಡೆ ತಿರುಗಿದರು. ನಾನು ಸೋಮವಾರವೇ ಬರೆದಿದ್ದೆ ಎಂದೆ. ಅಂಗಳದಲ್ಲಿ ಕೂತವರಿಗೆ ಅದು ಮೊದಲು ಅರ್ಥವಾಗಲಿಲ್ಲ. ಜೀವರತ್ನಳಿಗೆ ಆಯಿತು. ಅವಳು ದೊಡ್ಡಯ್ಯನವರನ್ನು ಬಿಟ್ಟು ನನ್ನನ್ನು ಕೇಳಿದಳು.

"ಸೋಮವಾರ ಉತ್ರ ಸಿಕ್ಕಿತ್ತೇನ್ರಿ ನಿಮಗ?"

"ಬರೆದೆ" ಎಂದೆ.

"ಬರದದ್ದಲ್ರಿ. ಸಿಕ್ಕಿತ್ತೋ ಇಲ್ಲೋ?"

ಹೌದು ಎಂದರೆ ಅವಳ ಮದುವೆ ದೇವರಿಗೆ ವಿರುದ್ಧವಾಗುತ್ತದೆ. ಇಲ್ಲ ಎಂದರೆ ನಾನು ದೇವರ ಹೆಸರಿನಲ್ಲಿ ಕಟ್ಟಿ ಬರೆದವನಾಗುತ್ತೇನೆ. ಇದನ್ನು ಹೀಗೆ ಎರಡು ಭಾಗ ಮಾಡಿ ಯೋಚಿಸಿದ್ದು ಆಮೇಲೆ. ಆ ಹೊತ್ತಿನಲ್ಲಿ ಮತ್ತೆ ಚಾಪೆಯ ಕಡ್ಡಿಗೆ ಕೈ ಹೋಯಿತು, ಅಷ್ಟೇ. ದೇವದಾನಪ್ಪ ಎದ್ದು ಎಲ್ಲರಿಗೂ ಊಟಕ್ಕೆ ಏಳ್ರಿ ಎಂದರು. ಅವರ ದನಿ ಚಿಕ್ಕದಾಗಿತ್ತು. ಕೊಟ್ಟೂರಿನ ಕೂಟದಲ್ಲಿ ಅಷ್ಟು ಜನರ ಮುಂದೆ ಹೇಳಿದ ಸಾಕ್ಷಿ ಅವರ ಕಿವಿಯಲ್ಲಿ ಕೇಳುತ್ತಿದ್ದಿರಬೇಕು.

ವಾಪಸ್ ಬರುವಾಗ ಜೀಪಿನಲ್ಲಿ ದೊಡ್ಡಯ್ಯನವರು ಆ ಹಾಳೆಯನ್ನು ತೊಡೆಯ ಮೇಲಿಟ್ಟು ಕೆಂಪು ಪೆನ್ಸಿಲ್ ತೆಗೆದರು. ಊರಿನ ಕಾಲಂ ಮೇಲೆ ಗೀಟು ಹಾಕಿದರು. ಕೆಲಸದ ಕಾಲಂ ಮೇಲೆ ಹಾಕಿದರು. ನಾಲ್ಕನೆಯದರ ಮೇಲೆ ಪೆನ್ಸಿಲ್ ಹಿಡಿದರು, ಗೀಟು ಎಳೆಯಲಿಲ್ಲ. ಬಂಡೆಗಳ ನಡುವಿನ ರಸ್ತೆ, ಜೀಪು ಕುಲುಕುತ್ತಿತ್ತು. ಕೊನೆಗೆ, "ನೀವು ಹೋಗಲಿಲ್ಲ, ಅದು ಸುಳ್ಳು. ಪ್ರಾರ್ಥನೆ ನಡೆಯಲಿಲ್ಲ, ಅದೂ ಸುಳ್ಳು. ಇದನ್ನು ನಾನು ಹೊಡೆದು ಹಾಕಲಾರೆ. ನೀವು ಹೇಳಬೇಕು" ಎಂದರು. ನಾನು ಹೇಳಲಿಲ್ಲ. ಅವರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ಆ ಕಾಲಂ ಸೇರಿಸಿದವರು ತಾವೇ ಎಂಬುದು ಅವರಿಗೂ ಚುಚ್ಚಿತೇ ಎಂದು ಆಗ ಯೋಚಿಸುವಷ್ಟು ನನಗೆ ಬುದ್ಧಿ ಇರಲಿಲ್ಲ.

ಎರಡು ತಿಂಗಳಲ್ಲಿ ನನಗೆ ಹಡಗಲಿಗೆ ವರ್ಗವಾಯಿತು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಹಡಗಲಿಯಲ್ಲಿ ಸಭೆಯ ಮನೆಗಳು ಒಂಬತ್ತು, ಅದರಲ್ಲೊಂದು ಪ್ರಭಾಕರನದು. ಭಾನುವಾರ ನಾನು ವಾಕ್ಯ ಓದಲು ಎದ್ದರೆ ಹೆಂಗಸರ ಕಡೆಯ ಮೂರನೆಯ ಸಾಲಿನಲ್ಲಿ ಜೀವರತ್ನ. ಅವಳು ಗೌರವ ತಪ್ಪಿದವಳಲ್ಲ. ಬರ್ರಿ ಅಯ್ನೋರೆ, ಕುಂದರ್ರಿ ಎನ್ನುತ್ತಿದ್ದಳು. ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ಬೇರೆಯವರು ಮಕ್ಕಳ ಓದು, ಹೊಲ, ಜ್ವರ ಎಂದು ಬಂದು ದೇವರ ಚಿತ್ತ ಕೇಳುತ್ತಿದ್ದರು. ಅವಳು ಒಂದು ದಿನವೂ ಕೇಳಲಿಲ್ಲ. ನಾನು ಉತ್ತರ ಹೇಳುವಾಗ ಅವಳು ಹತ್ತಿರದಲ್ಲಿದ್ದರೆ ಮಾತು ತೊದಲುತ್ತಿತ್ತು. ಹೀಗೂ ಇರಬಹುದು, ಹಾಗೂ ಇರಬಹುದು ಎನ್ನುತ್ತಿದ್ದೆ. ಈ ಉಪದೇಶಿಗೆ ವಿಶ್ವಾಸ ಕಡಿಮೆ ಎಂದು ಕೆಲವರು ಮಾತಾಡಿಕೊಂಡರು.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ದೊಡ್ಡಯ್ಯನವರು ಹೋದ ಮೇಲೆ ಬಂದವರು ಅಚ್ಚು ಹಾಕಿಸಿದ ಫಾರಂ ಕೊಟ್ಟರು. ಎಷ್ಟು ಮನೆ, ಎಷ್ಟು ಕೂಟ, ಎಷ್ಟು ಜನ. ನಡೆಸುವಿಕೆ ಎಂಬ ಕಾಲಂ ಇರಲಿಲ್ಲ. ಚಿನ್ನಪ್ಪ ಬಹಳ ಸಂತೋಷಪಟ್ಟ. ನಾನೂ ಸಂತೋಷಪಡಬೇಕಿತ್ತು. ಆದರೆ ಕಾಲಂ ಹೋದರೂ ಅದನ್ನು ತುಂಬುವ ಚಟ ಹೋಗಲಿಲ್ಲ. ಸಂಜೆ ಕೈಕಾಲು ತೊಳೆದು ಕೂತರೆ ಈ ದಿನ ಏನು ತೋರಿಸಲಾಯಿತು ಎಂದು ಒಳಗೆ ಯಾರೋ ಕೇಳುತ್ತಿದ್ದರು, ಒಂದು ಉತ್ತರ ತಾನಾಗಿ ತಯಾರಾಗುತ್ತಿತ್ತು. ಅದು ಎಲ್ಲಿಂದ ಬರುತ್ತಿತ್ತು? ಹೊಸಬರೇ, ಇದನ್ನು ಬೇಗ ಗಮನಿಸಿ. ಬೇಗ ಬರುವ ಉತ್ತರ ದೇವರದಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದಕ್ಕೂ ನನಗೆ ಆಧಾರವಿಲ್ಲ.

ಜೀವರತ್ನಳಿಗೆ ಎರಡು ಮಕ್ಕಳಾದವು. ಅವಳ ಕೈ ಚುರುಕು. ಓಣಿಯಲ್ಲಿ ಹೆರಿಗೆ ಇದ್ದರೆ ಸರ್ಕಾರಿ ದವಾಖಾನೆಯ ನರ್ಸಮ್ಮ ಅವಳನ್ನು ಕರೆದುಕೊಂಡು ಹೋಗುತ್ತಿದ್ದಳು. ಕೂಸಿನ ಹೊಕ್ಕುಳ ಕಟ್ಟುವುದು, ಬಾಣಂತಿಗೆ ಧೈರ್ಯ ಹೇಳುವುದು ಎಲ್ಲ ಬಲ್ಲವಳು. ತರಬೇತಿಗೆ ಹೋಗಿದ್ದರೆ ಎಂಥ ನರ್ಸ್ ಆಗುತ್ತಿದ್ದಳು ಎಂದು ಜನ ಅನ್ನುವಾಗ ನಾನು ಅಲ್ಲಿಂದ ಎದ್ದುಹೋಗುತ್ತಿದ್ದೆ. ದೇವರು ಅವಳನ್ನು ಇಲ್ಲಿಗೇ ಕರೆದಿದ್ದಾನೆ ನೋಡ್ರಿ ಎಂದು ಬೇರೆಯವರು ಅನ್ನುವಾಗಲೂ ಎದ್ದುಹೋಗುತ್ತಿದ್ದೆ.

ಪ್ರಭಾಕರನ ಮಾತು ಕಡಿಮೆ. ಅವನಿಗೆ ನದಿ ದಂಡೆಯ ಹಳ್ಳಿಯೊಂದರ ಶಾಲೆಗೆ ವರ್ಗವಾಗಿತ್ತು, ದಿನಾ ಸೈಕಲ್ ಮೇಲೆ ಹೋಗಿಬರುತ್ತಿದ್ದ. ಒಂದು ಸಂಜೆ ದಾರಿಯಲ್ಲಿ ನನ್ನನ್ನು ಕಂಡು ಇಳಿದ. ಜೊತೆಯಲ್ಲಿ ಸೈಕಲ್ ತಳ್ಳಿಕೊಂಡು ನಡೆದೆವು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಳೆ, ಶಾಲೆ ಎಂದು ಏನೇನೋ ಆದ ಮೇಲೆ ಕೇಳಿದ.

"ಅವತ್ತು ನೀವು ಬಸ್ ಹತ್ತಿದ್ರ ನನ್ನ ಮದುವಿ ಆಗ್ತಿದ್ದಿಲ್ಲ, ಅಲ್ರಿ?"

ಆಗುತ್ತಿರಲಿಲ್ಲವೇನೋ ಎಂದೆ.

"ಮನ್ಯಾಗ ನಾವು ಆ ಮಾತು ಎತ್ತೂದಿಲ್ರಿ. ಅಕಿ ಒಂದು ದಿನಾನೂ ಅಂದಾಕಿ ಅಲ್ಲ. ಆದ್ರ ಅವತ್ತು ಅಂಗಳದಾಗ ನಾನೂ ಕೂತಿದ್ನೆಲ್ರಿ. ದೇವರು ಬ್ಯಾಡ ಅಂದ ಗಂಡ ನಾನು ಅಂತ ಅವರು ಓದಿದಂಗ ಕೇಳಿಸ್ತು. ಹಾಳ್ಯಾಗ ಇದ್ದದ್ದು ದೇವರ ಮಾತಾ, ನಿಮ್ಮ ಮಾತಾ? ಅಷ್ಟ ಹೇಳಿಬಿಡ್ರಿ ನನಗ. ಯಾವ್ದಾದ್ರೂ ಅಡ್ಡಿ ಇಲ್ಲ."

ಇಲ್ಲಿಯವರೆಗೆ ನಾನು ಜೀವರತ್ನಳಿಗೆ ಏನು ಮಾಡಿದೆ ಎಂದೇ ಕೊರಗುತ್ತಿದ್ದೆ. ಆ ಸಾಲಿನ ಕೆಳಗೆ ಇನ್ನೊಬ್ಬ ಮನುಷ್ಯ ವರ್ಷಗಟ್ಟಲೆ ಮಲಗಿ ಏಳುತ್ತಿದ್ದಾನೆ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಮಾತಪ್ಪ ಎಂದುಬಿಟ್ಟರೆ ಅವನಿಗೆ ನೆಮ್ಮದಿ. ಹೇಳಲು ಬಾಯಿ ತೆರೆದೆ ಕೂಡ. ಆದರೆ ಅದು ಮತ್ತೊಂದು ಕಾಲಂ ತುಂಬಿದಂತೆ ಎನ್ನಿಸಿತು. ಎದುರಿಗಿದ್ದವನಿಗೆ ಬೇಕಾದದ್ದನ್ನು, ಗೊತ್ತಿಲ್ಲದೆ, ಗೊತ್ತಿದ್ದವನ ಹಾಗೆ ಹೇಳುವುದು. ನನಗೆ ಗೊತ್ತಾಗುವುದಿಲ್ಲ ಮಾಸ್ತರೆ, ಗೊತ್ತಿದ್ದರೆ ಹೇಳುತ್ತಿದ್ದೆ ಎಂದೆ. ಅವನು ತಲೆಯಾಡಿಸಿದ. ಸೈಕಲ್ ಹತ್ತಿ ಹೋದ. ಅದು ಪ್ರಾಮಾಣಿಕತೆಯೋ ಕ್ರೌರ್ಯವೋ ಎಂದು ಅವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಮರುದಿನ ಅವರ ಮನೆಗೆ ಹೋದೆ. ಅವನು ಶಾಲೆಗೆ ಹೋಗಿದ್ದ. ಜೀವರತ್ನ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಗಂಡ ಕೇಳಿದ್ದನ್ನು ಹೇಳಿದೆ. ಅವಳ ಕೈ ನಿಂತಿತು. ಅವನ ಮನಸ್ಸಿನಲ್ಲಿ ಅಂಥದೊಂದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ನಾನು ಬಂದ ಕೆಲಸ ಕೇಳಿದೆ. ಆ ಶನಿವಾರ ನಾನು ನಿನ್ನ ತವರಿಗೆ ಬಂದಿದ್ದಾಗ ನಿನಗೆ ಏನು ಬೇಕಿತ್ತಮ್ಮ, ಹೋಗುವುದೋ ಇರುವುದೋ?

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ಆಗ ಕೇಳಿದ್ರ ಹೇಳ್ತಿದ್ನಿರಿ. ಈಗ ಆ ಹುಡುಗಿ ಎಲ್ಲದಾಳ? ಈಗ ನಾನು ಏನ್ ಹೇಳಿದ್ರೂ ಕೂತು ಬರದಂಗ ಆಗ್ತೈತಿ. ಹೋಗಾಕ ಬೇಕಿತ್ತು ಅಂದ್ರ ಇವ್ರಿಗೆ ನೋವು. ಬ್ಯಾಡಾಗಿತ್ತು ಅಂದ್ರ ನಿಮಗ ಹಗುರ. ಎರಡೂ ನಾನು ಹೇಳಂಗಿಲ್ಲ."

ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು, "ಇವ್ರ ಜೋಡಿ ನಾನ ಮಾತಾಡ್ತೀನಿ. ನೀವು ನಡುವ ಬರಬ್ಯಾಡ್ರಿ" ಎಂದಳು. ಒಳಗೆ ಹೋದಳು.

ಅವರಿಬ್ಬರೂ ಮಾತಾಡಿಕೊಂಡರೋ, ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಮುಂದೆ ಪ್ರಭಾಕರ ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದ, ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ಇನ್ನೆರಡು ವರ್ಷಕ್ಕೆ ನನಗೆ ಹಡಗಲಿಯಿಂದಲೂ ವರ್ಗವಾಯಿತು.

ಆ ಸೋಮವಾರ ಮಧ್ಯಾಹ್ನ ನನ್ನ ಪೆನ್ನಿನಿಂದ ಬಂದದ್ದು ಕರ್ತನ ಮಾತಾಗಿತ್ತೇ, ಅಥವಾ ಖಾಲಿ ಜಾಗಕ್ಕೆ ಹೆದರಿದ ಒಬ್ಬ ಉಪದೇಶಿಯ ಮಾತಾಗಿತ್ತೇ ಎಂದು ನನಗೆ ಗೊತ್ತಿಲ್ಲ. ಬುಧವಾರ ನನ್ನನ್ನು ತಡೆದದ್ದು ಯಾರು ಎಂಬುದೂ ಗೊತ್ತಿಲ್ಲ. ಜೀವರತ್ನಳಿಗೆ ಏನು ಬೇಕಿತ್ತು ಎಂಬುದೊಂದನ್ನು ತಿಳಿಯಬಹುದಿತ್ತು, ಎದುರಿಗೆ ನಿಂತಿದ್ದಳು. ಅದನ್ನೂ ನಾನು ತಿಳಿದುಕೊಳ್ಳಲಿಲ್ಲ.